ಕಿಸೆಯೊಳಗಿನ ಬೀಜ

ಮುಂಗಾರು ಬಿತ್ತನೆಯ ಮಿರಗದ ಮಳೆಗೆ ಇನ್ನು ವಾರವೂ ಉಳಿದಿರಲಿಲ್ಲ. ಆಳಂದ ತಾಲೂಕಿನ ನರೋಣಾದ ಗುರುಶಾಂತ ಖಾಲಿ ಗೋಣಿಚೀಲವೊಂದನ್ನು ಮಡಿಚಿ ಮೋಟಾರ್‌ಸೈಕಲ್ಲಿನ ಹಿಂದೆ ಕಟ್ಟುತ್ತಿದ್ದ. ಅವನ ಹೆಂಡತಿ ವಿದ್ಯಾವತಿ ಕಸಬರಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಜೇವರ್ಗಿಗೆ ಹೋಗುವಾಗೂ ಇದೇ ಚೀಲ ಒಯ್ದಿದ್ರಿ,” ಅಂದಳು. “ಹ್ಯಾಂಗ ಒಯ್ದ್ರೋ ಹಂಗೇ ತಂದ್ರಿ. ಚೀಲಕ್ಕರೆ ಜರಾ ಆರಾಮ ಕೊಡ್ರಿ.”

“ಹವಳಗಾದಾಗ ತಂಗಿ ಭಾಗ್ಯಾನ ಮನ್ಯಾಗ ಇದ್ದೇ ಇರ್ತಾವ.”

“ಇರ್ಲಿ. ತಂದ್ರ ಹೊಲಕ್ಕ ಹಚ್ಚೋರು ಯಾರು?”

ಗುರುಶಾಂತ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದ. ಗಂಟು ಸಡಿಲವೇನೂ ಇರಲಿಲ್ಲ, ಹೆಂಡತಿಯ ಮುಖ ನೋಡುವುದು ತಪ್ಪಲಿ ಎಂದು ಬಿಗಿದ. ಒಳಗೆ ಪಡಸಾಲೆಯಲ್ಲಿ ಅವನ ತಾಯಿ ಗುರುಬಾಯಿ ಮೊರದಲ್ಲಿ ಜೋಳ ಹರವಿಕೊಂಡು ಹಳ್ಳು ಆರಿಸುತ್ತಿದ್ದಳು. ಅಂಗಡಿಯಿಂದ ತಂದ ಜೋಳ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಹೊರಗಿನ ಜೋಳದ ರೊಟ್ಟಿಯನ್ನು ಅವಳು ತಟ್ಟಿರಲಿಲ್ಲ. ಕಳೆದ ಚಳಿಗಾಲದಲ್ಲಿ ಹೊಲ ಬರಿದಾಗಿ ಬಿದ್ದ ಮೇಲೆ ಅದೂ ಆಯಿತು. ಮಗ ಎಲ್ಲಿಗೆ ಹೊರಟಿದ್ದಾನೆಂದು ಅವಳು ಕೇಳಲಿಲ್ಲ. ಮೊರವನ್ನು ಒಮ್ಮೆ ಕೇರಿ, ಮತ್ತೆ ತಲೆ ತಗ್ಗಿಸಿದಳು.

ಅವನು ಹುಡುಕುತ್ತಿದ್ದುದು ಸಣ್ಣ ಉಳ್ಳಾಗಡ್ಡಿಯ ಬಿತ್ತನೆ ಗಡ್ಡೆಗಳನ್ನು. ದೊಡ್ಡ ಉಳ್ಳಾಗಡ್ಡಿಯ ಹಾಗೆ ಇದು ಒಂಟಿ ಗಡ್ಡೆಯಲ್ಲ. ಒಂದನ್ನು ನೆಟ್ಟರೆ ಬುಡದಲ್ಲಿ ಐದಾರು ಮರಿ ಒಡೆಯುತ್ತವೆ. ಮಿರಗಕ್ಕೆ ನೆಟ್ಟದ್ದು ಎರಡೂವರೆ ತಿಂಗಳಿಗೆ ಕೀಳಲು ಬರುತ್ತದೆ. ಕಿತ್ತವನ್ನು ಒಣಗಿದ ಎಲೆಗಳಿಂದಲೇ ಹೆಣೆದು, ಹೆಣ್ಣುಮಕ್ಕಳ ಜಡೆಯಂತೆ ಮಾಡಿ, ಅಡುಗೆಮನೆಯ ತೊಲೆಗೆ ತೂಗುಹಾಕುತ್ತಿದ್ದರು. ಒಲೆಯ ಹೊಗೆ ತಾಗಿದ ಗಡ್ಡೆ ಮುಂದಿನ ಮಿರಗದವರೆಗೆ ಬಾಳುತ್ತದೆ, ಅದರಾಚೆಗೆ ಬಾಳುವುದಿಲ್ಲ. ಜೋಳದ ಹಾಗೆ ನೆಲದೊಳಗಿನ ಹಗೇವಿಗೆ ಸುರಿದು ಮರೆತುಬಿಡಲು ಬರುವುದಿಲ್ಲ. ಒಂದು ಮಳೆಗಾಲ ಮಣ್ಣಿಗೆ ಬೀಳದೆ ಹೋದರೆ ಆ ತಳಿ ಆ ಮನೆಯಲ್ಲಿ ಮುಗಿದಂತೆ.

ಹಾಗಾಗಿ ಊರಲ್ಲೊಂದು ಪದ್ಧತಿ ಇತ್ತು. ಬಿತ್ತುವ ಜಡೆಗಳೆಲ್ಲ ಒಂದೇ ತೊಲೆಗೆ ಇರಬಾರದು. ಗುರುಬಾಯಿಯ ಮನೆಯ ಒಂದು ಜಡೆ ನೆರೆಯ ದೇವೀಂದ್ರಪ್ಪನ ಮನೆಗೆ, ದೇವೀಂದ್ರಪ್ಪನದು ಇನ್ನೊಬ್ಬರ ಮನೆಗೆ. ಒಂದು ಮನೆಯಲ್ಲಿ ಕೊಳೆತರೆ ಇನ್ನೊಂದರಲ್ಲಿ ಉಳಿದಿರುತ್ತದೆ. ಬಿತ್ತುವ ಗಡ್ಡೆಗೆ ಯಾರೂ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಒಯ್ದವರು ಬೆಳೆ ಬಂದ ಮೇಲೆ ಒಂದು ಮುಷ್ಟಿ ಜಾಸ್ತಿ ಹಾಕಿ ತಿರುಗಿ ಕೊಡುತ್ತಿದ್ದರು. ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಬಟ್ಟಲ ಜೊತೆಗೆ ನಾಲ್ಕು ಗಡ್ಡೆಯೂ ಬೀಳುತ್ತಿದ್ದವು. ಗುರುಬಾಯಿ ಇವನ್ನು ತಂದದ್ದು ಜೇವರ್ಗಿ ಕಡೆಯ ತನ್ನ ತವರಿನಿಂದ. ಮಗಳು ಭಾಗ್ಯಜ್ಯೋತಿ ಅಫಜಲಪುರ ತಾಲೂಕಿನ ಹವಳಗಾಕ್ಕೆ ಒಯ್ದಳು.

ಇದನ್ನೆಲ್ಲ ಕೆಡಿಸಿದ್ದು ಬೀಜವಲ್ಲ. ಗುರುಶಾಂತ ಈಗೀಗ ತನಗೆ ತಾನೇ ಇದನ್ನು ಹೇಳಿಕೊಳ್ಳುತ್ತಿದ್ದ. ಬೀಜದ ತಪ್ಪೇನೂ ಇರಲಿಲ್ಲ.

ಮೂರು ವರ್ಷದ ಹಿಂದೆ ಅವನು ಒಂದು ತರಬೇತಿಗೆ ಹೋಗಿ ಬಂದ. ಸಣ್ಣ ಉಳ್ಳಾಗಡ್ಡಿಯನ್ನು ಗಡ್ಡೆ ನೆಡದೆ ಬೀಜದಿಂದಲೇ ಬೆಳೆಯಬಹುದು ಎಂದು ಅಲ್ಲಿ ತೋರಿಸಿದ್ದರು. ಎಳ್ಳಿನಷ್ಟು ಕರಿ ಬೀಜ. ಮಡಿಯಲ್ಲಿ ಚೆಲ್ಲಿ, ಸಸಿ ಎದ್ದ ಮೇಲೆ ಆ ಅಗಿಯನ್ನು ಕಿತ್ತು ಹೊಲಕ್ಕೆ ಹಚ್ಚುವುದು. ತರಬೇತಿಗೆ ಬಂದಿದ್ದ ಸಾಹೇಬರು ಒಂದು ಮಾತನ್ನು ಎರಡೆರಡು ಸಲ ಹೇಳಿದ್ದರು: ಮೊದಲು ಅರ್ಧ ಹೊಲದಲ್ಲಿ ನೋಡ್ರಿ, ಗಡ್ಡೆ ಬಿಡಬೇಡ್ರಿ. ಗುರುಶಾಂತ ಆ ವರ್ಷ ಹಾಗೆಯೇ ಮಾಡಿದ. ಬಾವಿಯ ಮಗ್ಗುಲಿನ ಅರ್ಧ ಹೊಲಕ್ಕೆ ಗಡ್ಡೆ, ಅರ್ಧಕ್ಕೆ ಅಗಿ.

ಶಾಲೆಯ ಎದುರಿನ ಚಹಾದಂಗಡಿಯಲ್ಲಿ ಆ ಮಳೆಗಾಲವೆಲ್ಲ ಅದೇ ಮಾತು.

“ಗಡ್ಡಿ ಅಂದ್ರ ಎತ್ತಿನ ಗಾಡಿ ಹೊರಿ,” ಎಂದು ಗುರುಶಾಂತ ಅಂಗಿಯ ಕಿಸೆಯಿಂದ ಪಾಕೀಟು ತೆಗೆದು ತೋರಿಸುತ್ತಿದ್ದ. “ಬೀಜ ಅಂದ್ರ ಇಷ್ಟೇ. ಇಡೀ ಹೊಲ ನನ್ನ ಕಿಸೆದಾಗ ಅದ ನೋಡ್ರಿ.”

“ಕಿಸೆ ಹರದೀತು, ಹುಷಾರ್ ಲೇ,” ಅಂದ ದೇವೀಂದ್ರಪ್ಪ. ನಕ್ಕರೂ ಅವನ ಕಣ್ಣು ಪಾಕೀಟಿನ ಮೇಲೇ ಇತ್ತು. “ಖರೆ ಹೇಳು, ಮುಂದಿನ ವರ್ಷ ಮತ್ತ ಪಾಕೀಟು ತರಬೇಕೋ, ಇದರಾಗಿಂದೇ ಬೀಜ ಬರ್ತಾವೋ?”

“ಮತ್ತ ತಂದ್ರಾಯ್ತು ಕಾಕಾ. ಕಿರಾಣಿ ದುಕಾನದಾಗ ಸಿಗ್ತಾವ.”

“ದುಕಾನ ಬಂದಾಯ್ತು ಅಂದ್ರ?”

“ನಿಮ್ಮ ತೊಲಿ ಬಂದಾಗೂದಕ್ಕಿಂತ ದುಕಾನ ಬಂದಾಗೂದು ತಡಾ.”

ಅದಕ್ಕೆ ಎಲ್ಲರೂ ನಕ್ಕಿದ್ದರು. ಗಡ್ಡೆಯ ಬೆಳೆ ಜಲ್ದಿ ಕೈಗೆ ಬರುತ್ತದೆ, ಅಗಿಯದು ಮಡಿಯಲ್ಲೇ ಒಂದು ತಿಂಗಳು ತಿನ್ನುತ್ತದೆ ಎಂದು ಒಬ್ಬ ವಾದಿಸಿದ. ಗಡ್ಡೆಗೆ ಹಳೆಯ ರೋಗ ಅಂಟಿಕೊಂಡೇ ಬರುತ್ತದೆ, ಬೀಜದ್ದು ಹಸನಾಗಿರುತ್ತದೆ ಎಂದು ಇನ್ನೊಬ್ಬ. ಬೀಜದ ಗಡ್ಡೆ ಗಾತ್ರದಲ್ಲಿ ದೊಡ್ಡದು, ವ್ಯಾಪಾರಿ ಅದನ್ನೇ ಕೇಳುತ್ತಾನೆ ಎಂದು ಮತ್ತೊಬ್ಬ. ಎಲ್ಲವೂ ನಿಜವೇ ಆಗಿತ್ತು. ಹೆಂಗಸರು ಚಹಾದಂಗಡಿಗೆ ಬರುವುದಿಲ್ಲ. ಬಂದಿದ್ದರೆ ಒಂದೇ ಮಾತು ಹೇಳುತ್ತಿದ್ದರು. ವಿದ್ಯಾವತಿ ಅದನ್ನು ಮನೆಯಲ್ಲಿ ಹೇಳಿದಳು. ಗಡ್ಡೆ ಒಂದೊಂದಾಗಿ ಬಿಡಿಸಿ, ಮಂಡಿಗಾಲಲ್ಲಿ ಕೂತು, ಬುಡ ಕೆಳಗೆ ಮಾಡಿ ಊರುವ ಕೆಲಸ ವಾರಗಟ್ಟಲೆ ಇರುತ್ತಿತ್ತು. ಬೆರಳ ತುದಿ ಸೀಳಿ ಉಪ್ಪು ಮುಟ್ಟಿದರೆ ಉರಿಯುತ್ತಿತ್ತು. ಅಗಿ ಹಚ್ಚುವುದೂ ಬಗ್ಗುವ ಕೆಲಸವೇ, ಆದರೆ ಅದಕ್ಕೆ ಆಳಿನ ಗುಂಪು ಬರುತ್ತದೆ, ಎರಡು ದಿನಕ್ಕೆ ಮುಗಿಯುತ್ತದೆ. ಗಡ್ಡೆಗೆ ಆಳು ಬರುತ್ತಿರಲಿಲ್ಲ, ಅದು ಮನೆಯ ಹೆಂಗಸರದ್ದೇ ಎಂದು ಯಾರು ಯಾವಾಗ ಗೊತ್ತುಮಾಡಿದ್ದರೋ.

“ನನಗೂ ಸಾಕಾಗ್ಯಾದೋ ಯಪ್ಪಾ,” ಎಂದು ಗುರುಬಾಯಿ ಕೂಡ ಅಂದಿದ್ದಳು. “ಖರೆ ಬಾವಿ ದಂಡಿಗಿ ಎರಡು ಸಾಲು ಗಡ್ಡಿ ಹಚ್ಚೂದು ಬಿಡಬ್ಯಾಡ.”

ಆ ವರ್ಷ ಗಡ್ಡೆಯ ಬೆಳೆ ಆಗಸ್ಟ್ ಕೊನೆಗೆ ಬಂತು. ವ್ಯಾಪಾರಿಯ ಟೆಂಪೋ ಬಾಗಿಲಿಗೇ ಬಂದು ನಿಂತಿತು. ಧಾರಣೆ ಚೆನ್ನಾಗಿತ್ತು. ಗುರುಬಾಯಿ ಬಿತ್ತುವುದಕ್ಕೆಂದು ಜಡೆಗಳನ್ನು ಬೇರೆ ತೆಗೆದು, ಅದರಲ್ಲಿ ಒಂದನ್ನು ಮಗನ ಕೈಗಿತ್ತು, ದೇವೀಂದ್ರಪ್ಪನ ಮನೆಯಲ್ಲಿ ಇಟ್ಟು ಬಾ ಅಂದಳು. ಗುರುಶಾಂತ ಅದನ್ನು ಹಿಡಿದು ಬಾಗಿಲವರೆಗೆ ಹೋದ. ಟೆಂಪೋದವನು ತಕ್ಕಡಿ ಇಳಿಸುವುದರಲ್ಲಿದ್ದ. ಕೈಯಲ್ಲಿದ್ದ ಜಡೆಯನ್ನು ಗುರುಶಾಂತ ಕೊನೆಯ ಚೀಲದ ಮೇಲೆ ಎಸೆದ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ದೇವೀಂದ್ರಪ್ಪನ ಮನೆ ನಾಲ್ಕು ಹೆಜ್ಜೆ ದೂರ, ಟೆಂಪೋ ಎದುರಿಗೇ ಇತ್ತು, ಅಷ್ಟೇ. ಮುಂದಿನ ವರ್ಷ ಯಾರು ಗಡ್ಡೆ ನೆಡುತ್ತಾರೆ ಎಂದುಕೊಂಡಿದ್ದ.

ಅಕ್ಟೋಬರಿನಲ್ಲಿ ಬೀಜದ ಬೆಳೆ ನೋಡಲು ಹೊಲಕ್ಕೆ ಮಂದಿ ಬಂದರು. ತರಬೇತಿಯ ಸಾಹೇಬರು, ಸುತ್ತಲ ಊರಿನ ರೈತರು, ಹವಳಗಾದಿಂದ ಭಾಗ್ಯಜ್ಯೋತಿಯ ಗಂಡ, ಜೇವರ್ಗಿ ಕಡೆಯಿಂದ ಗುರುಬಾಯಿಯ ತಮ್ಮ ದೌಲತರಾಯ. ಹೊಲದ ಬದುವಿನ ಮೇಲೆ ಶಾಮಿಯಾನ ಹಾಕಿದ್ದರು. ಗುರುಶಾಂತನಿಗೆ ಶಾಲು ಹೊದಿಸಿದರು. ಆಮೇಲೆ ಮನೆಯಲ್ಲಿ ಊಟಕ್ಕೆ ಅಂದಾಜಿಗಿಂತ ಮಂದಿ ಹೆಚ್ಚಾದರು, ಪಲ್ಯ ಸಾಲಲಿಲ್ಲ.

ಗುರುಶಾಂತ ಶಾಲು ಹೆಗಲ ಮೇಲಿಟ್ಟುಕೊಂಡೇ ಅಡುಗೆಮನೆಗೆ ಓಡಿ ಬಂದ. “ಅವ್ವಾ, ತೊಲಿ ಮ್ಯಾಲಿನ ಗಡ್ಡಿ ಇಳಸು. ಇಡಿ ಉಳ್ಳಾಗಡ್ಡಿ ಪಲ್ಯ ಮಾಡ್ರಿ, ಜಲ್ದಿ ಆಗ್ತದ.”

ಗುರುಬಾಯಿ ತೊಲೆಯತ್ತ ನೋಡಿದಳು. “ಅವು ಬಿತ್ತೂವು.”

“ಹೊರಗ ಸಾಹೇಬರು ಕುಂತಾರ. ಮಾನ ಹೋಗ್ತದ.”

“ದೇವೀಂದ್ರಪ್ಪನ ಮನ್ಯಾಗ ನಮ್ಮ ಜಡಿ ಅದಲ್ಲ?”

“ಅದ,” ಅಂದ ಗುರುಶಾಂತ.

ಅಷ್ಟು ಸಾಕಾಯಿತು ಅವಳಿಗೆ. ಅವಳೇ ಸ್ಟೂಲು ಹತ್ತಿ ಜಡೆಗಳನ್ನೆಲ್ಲ ಇಳಿಸಿದಳು. ಗಡ್ಡೆಗಳನ್ನು ಹೆಚ್ಚದೆ ಇಡಿಯಾಗಿ, ಶೇಂಗಾ ಪುಡಿ ಹಾಕಿ ಬೇಯಿಸಿದಳು. ಬಂದವರೆಲ್ಲ ಬೆರಳು ನೆಕ್ಕಿಕೊಂಡು ತಿಂದರು. ದೌಲತರಾಯ ಎರಡು ಸಲ ಹಾಕಿಸಿಕೊಂಡ. “ಈ ರುಚಿ ಬೀಜದ ಗಡ್ಡಿಗೂ ಇರ್ತದೇನಲೇ ಅಳಿಯಾ?” ಎಂದು ಕೇಳಿದ. “ಇದಕ್ಕಿಂತ ಜಾಸ್ತಿ ಮಾಮಾ,” ಎಂದು ಗುರುಶಾಂತ ಹೋಗುವಾಗ ಅವನ ಕಿಸೆಗೂ ಒಂದು ಪಾಕೀಟು ತುರುಕಿದ. ಭಾಗ್ಯಜ್ಯೋತಿಯ ಗಂಡನಿಗೆ ಎರಡು.

ಮರುವರ್ಷ ನರೋಣಾದಲ್ಲಿ ಒಬ್ಬರೂ ಹೊಲಕ್ಕೆ ಗಡ್ಡೆ ನೆಡಲಿಲ್ಲ. ತಮ್ಮ ಜಡೆಯನ್ನು ದೇವೀಂದ್ರಪ್ಪ ಹಿತ್ತಲಲ್ಲಿ ಹಚ್ಚಿರುತ್ತಾನೆಂದು ಗುರುಬಾಯಿಯೂ ನಂಬಿದ್ದಳು. ಬೀಜದ ಬೆಳೆ ಚೆನ್ನಾಗಿ ಬಂತು, ಹಿಂಗಾರಿ ಮಳೆಯೂ ತಡವಾಗಿ ಬಂದದ್ದರಿಂದ ಅದನ್ನು ಕಿತ್ತ ಹೊಲಕ್ಕೆ ಜೋಳದ ಬಿತ್ತನೆಯೂ ಆಯಿತು. ಎಲ್ಲರೂ ಗುರುಶಾಂತನಿಗೆ ಚಹಾ ಕುಡಿಸಿದರು. ತಡವಾದ ಮಳೆ ತಮ್ಮನ್ನು ಉಳಿಸಿತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅದರ ಮರುವರ್ಷ ಮಳೆ ತನ್ನ ಹೊತ್ತಿಗೆ ಸರಿಯಾಗಿ ಬಂತು. ಗಡ್ಡೆಯ ಬೆಳೆಯಾಗಿದ್ದರೆ ಅಷ್ಟೊತ್ತಿಗೆ ಹೊಲ ಬಿಟ್ಟು ಮನೆಯ ತೊಲೆ ಸೇರಿರುತ್ತಿತ್ತು. ಬೀಜದ್ದು ಇನ್ನೂ ಹೊಲದಲ್ಲಿ ನಿಂತಿತ್ತು. ನಿಂತಲ್ಲೇ ಕೊಳೆಯಿತು. ಕೊಳೆತದ್ದನ್ನು ಕಿತ್ತು ಹಾಕಿ ಎರೆಮಣ್ಣು ಆರುವಷ್ಟರಲ್ಲಿ ಜೋಳ ಬಿತ್ತುವ ಹೊತ್ತು ದಾಟಿಹೋಗಿತ್ತು.

ಆಗ ಮಂದಿಗೆ ಗಡ್ಡೆಯ ನೆನಪಾಯಿತು. ಗುರುಶಾಂತ ಮೊದಲು ಹೋದದ್ದು ದೇವೀಂದ್ರಪ್ಪನ ಮನೆಗೆ. ಅಲ್ಲಿ ತಮ್ಮ ಜಡೆ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ದೇವೀಂದ್ರಪ್ಪ ತನ್ನವನ್ನಾದರೂ ಹಿತ್ತಲಲ್ಲಿ ನಾಲ್ಕು ಹಚ್ಚಿ ಉಳಿಸಿರಬಹುದೆಂಬ ಆಸೆ.

“ನಮ್ಮನ್ಯಾಗ ಎಲ್ಲಿಂದ ಬರಬೇಕಲೇ?” ಅಂದ ದೇವೀಂದ್ರಪ್ಪ. “ಗುರುಬಾಯಿ ಅಕ್ಕನ ತೊಲಿ ಖಾಲಿ ಇರ್ತದಂತ ಯಾರಿಗರೆ ಗೊತ್ತಿತ್ತೇನು? ಅಕ್ಕನ ಮನ್ಯಾಗ ಇರ್ತಾವ, ಬೇಕಾದಾಗ ತಂದ್ರಾಯ್ತು ಅಂತ ನಂದು ನಾ ಮಾರಿದ್ನಿ.” ದನಿ ತಗ್ಗಿಸಿ ಅಂದ, “ಆ ವರ್ಷ ನಿಮ್ಮ ಜಡಿ ನಮ್ಮ ಮನಿಗಿ ಬರ್ಲಿಲ್ಲ. ನಾ ಬೀಜ ತಗೊಂಡೆ ಅಂತ ಅಕ್ಕ ಸಿಟ್ಟಾಗ್ಯಾಳ ಅಂದ್ಕೊಂಡಿದ್ನಿ. ಕೇಳಾಕ ನಾಚಿಕಿ ಆತು.”

ಗುರುಶಾಂತ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ನಡೆದ. ಓಣಿಯ ಉಳಿದ ಮನೆಗಳಲ್ಲೂ ಅದೇ ಕತೆ. ಒಬ್ಬನು ಇನ್ನೊಬ್ಬನ ತೊಲೆ ನಂಬಿ ತನ್ನದನ್ನು ಮಾರಿದ್ದ. ಆ ಇನ್ನೊಬ್ಬ ಮತ್ತೊಬ್ಬನದನ್ನು ನಂಬಿದ್ದ. ಬೇಸಿಗೆ ಬಂದಾಗ ಅವನು ಜೇವರ್ಗಿಯ ಕಡೆ ಸೋದರಮಾವನ ಮನೆಗೆ ಹೋದ. ದೌಲತರಾಯ ಅಂಗಳದಲ್ಲಿ ಹೊರಸು ಹಾಕಿ ಕೂರಿಸಿ, ಹಿತ್ತಲನ್ನು ಕೈ ಮಾಡಿ ತೋರಿಸಿದ. ಅಲ್ಲಿ ಹತ್ತಿಕಟ್ಟಿಗೆಯ ಬಣವೆ ಇತ್ತು.

“ಮೊದಲ ವರ್ಷ ನಿನ್ನ ಬೀಜ ಹಾಕಿದ್ನಿ. ಅಗಿ ಮಡ್ಯಾಗೇ ಕರಗಿ ಹೋತು. ಆಮ್ಯಾಲ ಉಳ್ಳಾಗಡ್ಡಿ ಸವಾಸನೇ ಬ್ಯಾಡ ಅಂತ ಎಲ್ಲಾ ಹತ್ತಿ ಹಾಕಿದ್ನಿ. ಗಡ್ಡಿ? ಅಕ್ಕ ಇಲ್ಲಿಂದೇ ಒಯ್ದಿದ್ಲು, ನಿಮ್ಮಲ್ಲೇ ಇರ್ಬೇಕಲ್ಲೋ. ನಾ ನಿಮ್ಮ ಕಡೆ ಬಂದು ಕೇಳ್ಬೇಕಂತ ಮಾಡಿದ್ನಿ.”

ಉಳಿದದ್ದು ಹವಳಗಾ ಒಂದೇ. ಈಗ ಅವನು ಹೊರಟದ್ದು ಅಲ್ಲಿಗೆ.

ಸಕ್ಕರೆ ಕಾರ್ಖಾನೆಯ ಹೊಗೆಕೊಳವೆ ದೂರದಿಂದಲೇ ಕಂಡಿತು. ಹಂಗಾಮು ಮುಗಿದಿದ್ದರಿಂದ ಹೊಗೆ ಇರಲಿಲ್ಲ. ದಾರಿಯ ಎರಡೂ ಬದಿಗೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕುಳೆ ಕಬ್ಬು. ತಂಗಿಯ ಮನೆಯ ಮುಂದೆ ಗಾಡಿ ನಿಲ್ಲಿಸುವ ಮೊದಲೇ ಭಾಗ್ಯಜ್ಯೋತಿ ಹೊರಗೆ ಬಂದಳು. ಅವಳ ಕಣ್ಣು ಮೊದಲು ಹೋದದ್ದು ಹಿಂದೆ ಕಟ್ಟಿದ್ದ ಚೀಲದ ಮೇಲೆ.

“ಬಾ ಅಣ್ಣಾ. ಚೀಲ ಕಟ್ಕೊಂಡು ಬಂದೀ ಅಂದ್ರ ನನ್ನ ನೋಡಾಕಂತೂ ಬಂದಿಲ್ಲ.”

“ನಿನ್ನೂ ನೋಡ್ತೇನಿ. ಮೊದಲು ಗಡ್ಡಿ ತೋರ್ಸು.”

“ಏನ್ ಗಡ್ಡಿ? ಉಳ್ಳಾಗಡ್ಡಿ? ಏ, ಬೇಕಾದಷ್ಟು ಅದಾವ.”

ಗುರುಶಾಂತ ಹಗುರಾಗಿ ಕಟ್ಟೆಯ ಮೇಲೆ ಕೂತ. ಅವಳು ಒಳಗಿನಿಂದ ಬುಟ್ಟಿ ತುಂಬ ತಂದಿಟ್ಟಳು. ಕೆಂಪಗೆ, ದುಂಡಗೆ ಹೊಳೆಯುವ ಗಡ್ಡೆಗಳು. ಅಷ್ಟು ದುಂಡಗಿದ್ದದ್ದೇ ಅವನಿಗೆ ಸರಿಕಾಣಲಿಲ್ಲ. ಈಳಿಗೆ ತರಿಸಿ ಒಂದನ್ನು ಅಡ್ಡ ಹೆಚ್ಚಿದ. ಮಧ್ಯದಲ್ಲಿ ಒಂದೇ ಕಣ್ಣಿತ್ತು. ತಾಯಿಯ ಗಡ್ಡೆಯನ್ನು ಅಡ್ಡ ಹೆಚ್ಚಿದರೆ ಎರಡೋ ಮೂರೋ ಕಣ್ಣು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತಿದ್ದವು. ಮುಂದೆ ಒಡೆಯುವ ಮರಿಗಳು ಅವು.

“ಇವು ಬೀಜದ್ದು.”

“ಮತ್ತ? ನೀನೇ ಕಳ್ಸಿದ್ದಿ ಅಲ್ಲ ಪಾಕೀಟು.”

“ಅವ್ವ ಉಡ್ಯಾಗ ಹಾಕಿದ್ದು ಎಲ್ಲಿ?”

ಭಾಗ್ಯಜ್ಯೋತಿ ಹೆಚ್ಚಿದ ಹೋಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. “ಫೋನಿನ್ಯಾಗ ಏನಂದಿದ್ದಿ ನೆನಪದ? ಅವ್ವನ ಕಾಲದ್ದು ಹಿಡಕೊಂಡು ಕುಂಡ್ರಬ್ಯಾಡ ಅಂದಿ. ನಮ್ಮನಿಯವರ ಮುಂದ ಸ್ಪೀಕರ್ ಹಾಕಿ ಕೇಳ್ಸಿದ್ನಿ, ನಮ್ಮ ಅಣ್ಣ ಹೆಂಗ ಮಾತಾಡ್ತಾನ ನೋಡ್ರಿ ಅಂತ.” ಹೋಳನ್ನು ಬುಟ್ಟಿಗೆ ಎಸೆದಳು. “ನಿನ್ನೊಬ್ಬನ ಮ್ಯಾಲ ಹಾಕಂಗಿಲ್ಲ. ನನಗೂ ಬ್ಯಾಸರಾಗಿತ್ತು. ಕಬ್ಬಿನ ನೀರು, ದನ, ಹುಡುಗ್ರ ಸಾಲಿ. ಅದರಾಗ ಒಂದೊಂದೇ ಗಡ್ಡಿ ಊರಿಕೋತ ಕುಂಡ್ರು ಅಂದ್ರ ಯಾರು ಕುಂಡ್ರತಾರ? ಒಂದು ಮುಟಗಿ ಇಟ್ಟಿದ್ನಿ, ಸುಳ್ಳಲ್ಲ. ಹೋದ ಮಳಿಗಾಲದಾಗ ಊರೂದು ಮರತೆ. ದೀಪಾವಳಿಗಿ ಬುಟ್ಟಿ ತಗದು ನೋಡಿದ್ರ ಬರೇ ಸಿಪ್ಪಿ.”

ಅವಳು ಚಹಾಕ್ಕೆಂದು ಎದ್ದವಳು ಬಾಗಿಲಲ್ಲಿ ನಿಂತಳು.

“ಅವ್ವ ಕೇಳಿದ್ಲೇನು?”

“ಇಲ್ಲ.”

“ಕೇಳಿದ್ಲು ಅಂದ್ರ, ಭಾಗ್ಯಾನ ಮನ್ಯಾಗ ಅದಾವ ಅಂತ ಹೇಳು. ಯಾಕ ಸುಮ್ನ ಜೀವಕ್ಕ ಹಚ್ಕೋಬೇಕು ಆಕಿ.”

ಗುರುಶಾಂತ ತಂಗಿಯನ್ನೇ ನೋಡಿದ. ಈ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು. “ಬ್ಯಾಡ,” ಅಂದ. ಹೊರಡುವಾಗ ಅವಳೇ ನೆನಪು ಮಾಡಿಕೊಂಡು ಅಂದಳು, “ಚೌಡಾಪುರದಾಗ ರೋಡಿಗಿ ಒಬ್ಬ ಮುದುಕಿ ಕುಂಡ್ರತಾಳ. ಸಾಬವ್ವ ಅಂತ. ಆಕಿ ಹಂತ್ಯಾಕ ಸಣ್ಣಾವು ಇರ್ತಾವ. ಹೋಗೂ ದಾರ್ಯಾಗೇ ಅದ, ನೋಡಿ ಹೋಗು.”

ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೊರಳುವ ತಿರುವಿನ ಹತ್ತಿರ ಹುಣಸೆಮರದ ನೆರಳಲ್ಲಿ ಸಾಬವ್ವ ಸಿಕ್ಕಳು. ಗೋಣಿತಟ್ಟು ಹಾಸಿ, ಮುಂದೆ ಗುಡ್ಡೆಗುಡ್ಡೆಯಾಗಿ ಉಳ್ಳಾಗಡ್ಡಿ ಇಟ್ಟುಕೊಂಡು ಕೂತಿದ್ದಳು. ನಿಂಬೆಕಾಯಿಗಿಂತ ಸಣ್ಣವು, ಒಂದು ಮಗ್ಗುಲು ಚಪ್ಪಟೆ. ಒಂದರ ಪಕ್ಕಕ್ಕೆ ಒಂದು ಹುಟ್ಟಿ ಬೆಳೆದ ಗಡ್ಡೆಗೆ ಮಾತ್ರ ಆ ಚಪ್ಪಟೆ ಮಗ್ಗುಲು ಇರುತ್ತದೆ. ಗುರುಶಾಂತ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಆಯಿ, ಇವು ಬೀಜದ್ದೋ ಗಡ್ಡೀದ್ದೋ?”

“ಗಡ್ಡೀದ್ದೋ ತಮ್ಮಾ. ನಮ್ಮ ಹಿತ್ತಲದ್ದು. ಜಳಕದ ನೀರು ಹೋಗ್ತಾವಲ್ಲ, ಅಲ್ಲೇ ಹಚ್ತೇನಿ. ಬಾಯಾಗ ಹಾಕ್ಕೊಂಡು ನೋಡು, ಕಣ್ಣಾಗ ನೀರು ಬರ್ಲಿಲ್ಲಂದ್ರ ರೊಕ್ಕ ಕೊಡಬ್ಯಾಡ.”

ಅವನು ಒಂದನ್ನು ಹಲ್ಲಲ್ಲಿ ಕಚ್ಚಿ ಅಡ್ಡ ಮುರಿದ. ಮೂರು ಕಣ್ಣು. ಕಣ್ಣಲ್ಲಿ ನೀರೂ ಬಂತು.

“ಎಲ್ಲಾ ಹಾಕು ಆಯಿ.”

“ಎಲ್ಲಾ? ಮನ್ಯಾಗ ಮದಿವಿ ಅದೇನು?”

“ಇಲ್ಲ. ಹಚ್ಚಾಕ.”

ಗುಡ್ಡೆಗೆ ಚಾಚಿದ್ದ ಅವಳ ಕೈ ಅಲ್ಲೇ ನಿಂತಿತು. “ಹಚ್ಚಾಕ ಆಗಂಗಿಲ್ಲೋ ಯಪ್ಪಾ. ಬುಡ ನೋಡಿಲ್ಲೇನು?”

ಗುರುಶಾಂತ ಒಂದನ್ನು ತಿರುವಿ ಹಾಕಿದ. ಬೇರು ಹೊರಡುವ ಗಟ್ಟಿ ಬಿಲ್ಲೆಯೇ ಇರಲಿಲ್ಲ. ಚೊಕ್ಕವಾಗಿ ಕೊಯ್ದಿತ್ತು. ಇನ್ನೊಂದನ್ನು ತಿರುವಿದ. ಅದೂ ಅಷ್ಟೇ.

“ಬ್ಯಾರು ಇದ್ರ ಹೊಲಸ ಕಾಣ್ತಾವಂತ ಗಾಡ್ಯಾಗ ಹೋಗೋ ಮಂದಿ ಮುಟ್ಟಂಗಿಲ್ಲ. ಅದಕ್ಕ ಕುಂತು ಕುಡಗೋಲಿಲೆ ಕೊಯ್ದು ಹಸನ ಮಾಡೇನಿ.”

“ಮನ್ಯಾಗ ಹಚ್ಚಾಕ ಒಂದಿಷ್ಟು ಇಟ್ಟಿರ್ಬೇಕಲ್ಲ?”

“ಈ ಸಲ ಇಟ್ಟಿಲ್ಲ. ಯಾಕ ಇಡ್ಲಿ?” ಸಾಬವ್ವ ಸೊಂಟದಿಂದ ಎಲೆಯಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಒಂದು ಪಾಕೀಟು ಎಳೆದು ತೋರಿಸಿದಳು. “ಈ ಸಲ ನಾನೂ ಬೀಜ ತಂದೇನಿ. ಇಡೀ ಹೊಲದ ಬೀಜ ಕಿಸೆದಾಗ ಹಿಡೀತಾವಂತ. ಆಳಂದ ಕಡೀಗಿ ಯಾವನೋ ಒಬ್ಬ ಶಾಣ್ಯಾ ಹುಡುಗ ಹೇಳ್ಯಾನಂತ. ನನಗೇನು ಕಿಸೆ ಇಲ್ಲ, ಸಂಚ್ಯಾಗ ಇಟ್ಟೇನಿ.”

ತನ್ನ ಮಾತಿಗೆ ತಾನೇ ನಕ್ಕಳು. ಬಾಯಲ್ಲಿ ಹಲ್ಲು ಕಡಿಮೆ ಇದ್ದವು. ಗುರುಶಾಂತನಿಗೆ ನಗಲು ಆಗಲಿಲ್ಲ. ಆ ಹುಡುಗ ನಾನೇ ಎಂದು ಹೇಳಿದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಅವಳು ಇನ್ನೂ ಜೋರಾಗಿ ನಗುತ್ತಿದ್ದಳು, ಇಲ್ಲವೆ ಅಗಿ ಹಾಕುವುದು ಹೇಗೆ ಹೇಳು ಅನ್ನುತ್ತಿದ್ದಳು. ಅವನು ಹೇಳಲಿಲ್ಲ.

“ಆಯಿ, ಬೀಜ ಹಾಕು, ಬ್ಯಾಡನ್ನಂಗಿಲ್ಲ. ಖರೆ ಹಿತ್ತಲದಾಗ ಒಂದು ಮೂಲಿಗಿ ಗಡ್ಡಿ ಇರ್ಲಿ.”

“ಎಲ್ಲಿ ತರ್ಲಿ? ಎಲ್ಲಾ ಕೊಯ್ದೇನಲ್ಲ.” ಅವನ ಮುಖ ನೋಡಿ ಅವಳಿಗೆ ಏನನ್ನಿಸಿತೋ. “ನನ್ನ ಕಣ್ಣೂ ಮಂಜಾಗ್ಯಾವ. ಕುಡಗೋಲಿಗಿ ತಪ್ಪಿದ್ದು ಒಂದೋ ಎರಡೋ ಇದ್ರೂ ಇರ್ಬೇಕು. ಒಯ್ದು ಹುಡಿಕ್ಕೋ,” ಎಂದು ಎಲ್ಲ ಗುಡ್ಡೆಗಳನ್ನೂ ಚೀಲಕ್ಕೆ ಬಳಿದು ಹಾಕಿದಳು. ತಿನ್ನುವ ಗಡ್ಡೆಯಾದ್ದರಿಂದ ಅದಕ್ಕೆ ಹಣ ತೆಗೆದುಕೊಂಡಳು. “ಹಚ್ಚಾಕ ಅಂತ ಸಿಕ್ರ ಅದಕ್ಕ ರೊಕ್ಕ ಇಲ್ಲ. ಬೆಳಿ ಬಂದ ಮ್ಯಾಲ ಒಂದು ಮುಟಗಿ ತಂದು ಕೊಡು,” ಅಂದಳು.

ನರೋಣಾ ಮುಟ್ಟುವಾಗ ಸಂಜೆಯಾಗಿತ್ತು. ಪಡುವಣಕ್ಕೆ ಮೋಡ ಕಟ್ಟಿತ್ತು. ಗುರುಶಾಂತ ಚೀಲವನ್ನು ಪಡಸಾಲೆಯಲ್ಲಿ ತಾಯಿಯ ಮುಂದೆ ಸುರಿದ. ಗುರುಬಾಯಿ ಒಂದನ್ನು ಎತ್ತಿಕೊಂಡು ಹೆಬ್ಬೆರಳಿಂದ ಬುಡ ಸವರಿದಳು. ಕೆಳಗಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು.

“ಬುಡ ಕೊಯ್ದಾರ,” ಅಂದ ಗುರುಶಾಂತ. “ತಪ್ಪಿದ್ದು ಹುಡುಕಬೇಕು.”

ವಿದ್ಯಾವತಿ ಸ್ವಲ್ಪ ಹೊತ್ತು ದೂರದಿಂದ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ಎದುರಿಗೆ ಕೂತು, ಎರಡೂ ಕೈಯಿಂದ ಆರಿಸತೊಡಗಿದಳು. “ಹಚ್ಚೋರು ಯಾರು ಅಂದಿದ್ದಿ,” ಅಂದ ಗುರುಶಾಂತ. “ಹಚ್ಚೋರು ಯಾರಂತ ಈಗೂ ಕೇಳ್ತೇನಿ. ಈ ಸಲ ನೀವೂ ಮಂಡಿಗಾಲಿಲೆ ಕುಂಡ್ರಬೇಕು,” ಅಂದಳು ತಲೆ ಎತ್ತದೆ.

ಇಡೀ ರಾಶಿ ಮುಗಿದಾಗ ಕುಡಗೋಲಿಗೆ ತಪ್ಪಿದವು ಗುರುಬಾಯಿಯ ಒಂದು ಅಂಗೈ ತುಂಬಲಿಲ್ಲ. ಕೆಲವಕ್ಕೆ ಬುಡ ಅರ್ಧ ಉಳಿದಿತ್ತು. ಬೇರು ಬಿಟ್ಟರೆ ಬಿಟ್ಟೀತು. ಇದರಿಂದ ಬಾವಿಯ ದಂಡೆಗೆ ಒಂದು ಸಾಲೂ ಆಗುವುದಿಲ್ಲ. ಬಾವಿಯ ಮಗ್ಗುಲಿನ ಹೊಲಕ್ಕೆ ಈ ವರ್ಷ ತೊಗರಿಯೇ ಬೀಳಬೇಕು. ತೊಗರಿ ಚಳಿಗಾಲದವರೆಗೂ ಹೊಲ ಬಿಡುವುದಿಲ್ಲ, ಅದರ ಹಿಂದೆ ಜೋಳವಿಲ್ಲ. ಇನ್ನೊಂದು ವರ್ಷ ಅಂಗಡಿಯ ಜೋಳದ ಹಳ್ಳು ಆರಿಸಬೇಕು. ಒಂದಕ್ಕೆ ಐದಾರು ಎಂದು ಲೆಕ್ಕ ಹಿಡಿದರೂ ಹೊಲ ತುಂಬುವುದಕ್ಕೆ ಎಷ್ಟು ಮಿರಗ ಬೇಕೋ. ಅಷ್ಟರಲ್ಲಿ ಒಂದು ಮಳೆ ಹೆಚ್ಚುಕಡಿಮೆಯಾದರೆ ಅದೂ ಇಲ್ಲ.

ಗುರುಬಾಯಿ ಅಂಗೈಯ ಗಡ್ಡೆಗಳನ್ನು ನೆಲದ ಮೇಲೆ ಹರವಿ ಎರಡು ಪಾಲು ಮಾಡಿದಳು. ಚೆನ್ನಾಗಿ ಬುಡ ಇದ್ದವನ್ನು ಒಂದು ಕಡೆಗೆ ಹೆಚ್ಚು ಸರಿಸಿದಳು.

“ಅವ್ವಾ, ಇದರಾಗ ಪಾಲೇನು ಮಾಡ್ತಿ?” ಅಂದ ಗುರುಶಾಂತ. “ಇರೋದೇ ಇಷ್ಟು. ಎಲ್ಲಾ ಬಾವಿ ದಂಡಿಗೇ ಹಚ್ಚೋಣ.”

ಅವಳು ಬುಡ ಚೆನ್ನಾಗಿದ್ದ ಪಾಲನ್ನು ಬೊಗಸೆಯಲ್ಲಿ ಎತ್ತಿ ಮಗನ ಕೈಗೆ ಹಾಕಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

“ದೇವೀಂದ್ರಪ್ಪನ ಮನ್ಯಾಗ ಅದ ಅಂದಿದ್ದಿ ಅಲ್ಲ,” ಅಂದಳು. “ಹೋಗು. ಇಟ್ಟು ಬಾ.”

ಹೊರಗೆ ಮೊದಲ ಹನಿಗಳು ಬೀಳುತ್ತಿದ್ದವು. ಗುರುಶಾಂತ ಮುಷ್ಟಿ ಬಿಗಿಹಿಡಿದು ಓಣಿಗೆ ಇಳಿದ. ದೇವೀಂದ್ರಪ್ಪನ ಮನೆಗೆ ನಾಲ್ಕೇ ಹೆಜ್ಜೆ.